ಒಂದೇ ಒಂದು ಆಲ್ಬಂ ಹೇಳಿ ಅಂತೀರಲ್ಲ

"ನಿಮಗೆ ತುಂಬಾ ಇಷ್ಟವಾದ ಜಾಝ್ ಆಲ್ಬಂ ಯಾವುದು? ಒಂದೇ ಒಂದು ಹೇಳಿ, ಸಾಕು."

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳಿದ್ದಾರೆ. ಆಫೀಸಿನ ಲಿಫ್ಟಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿಟ್ಟು, ಒಳಗೆ ಹತ್ತಿ ತುರುಕಿ, ಆಮೇಲೆ ಕೇಳಿದ್ದಾರೆ. ಇಷ್ಟು ದಿನ ನಗುತ್ತಾ ಯಾವುದೋ ಒಂದು ಹೆಸರು ಹೇಳುತ್ತಿದ್ದೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಇಲ್ಲಿ ಬರೆದಿಡುತ್ತೇನೆ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಹೆಸರು ತಗೊಳ್ಳಿ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', 1959. ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಸುಮ್ನೆ ಹೇಳುವುದಲ್ಲ, ನಿಜಕ್ಕೂ ಅಷ್ಟು ಚೆನ್ನಾಗಿದೆ. ಆಯ್ತಲ್ಲ? ಈಗ ನನ್ನ ಸಿಟ್ಟು ಕೇಳಿ.

ಹೆಸರು ತಗೊಂಡು ಹೋದವರು ಎರಡು ದಿನ ಬಿಟ್ಟು ಮತ್ತೆ ಸಿಗುತ್ತಾರೆ. "ಕೇಳಿದೆ ಸಾರ್, ಚೆನ್ನಾಗಿದೆ. ಕೆಲಸ ಮಾಡುವಾಗ ಹಿಂದೆ ಹಾಕ್ಕೊಳ್ಳೋಕೆ ಸೂಪರ್." ಅಲ್ಲಿಗೆ ಮಾತು ಮುಗಿಯಿತು. ಒಳ್ಳೆ ಮಸಾಲೆ ದೋಸೆ ಎಲ್ಲಿ ಸಿಗುತ್ತೆ ಅಂತ ಕೇಳಿದವರು ಕೂಡ ವಾಪಸ್ ಬಂದು ಚಟ್ನಿ ಬಗ್ಗೆ ಎರಡು ಮಾತು ಆಡುತ್ತಾರೆ. ಇವರು ಅದೂ ಇಲ್ಲ. ಏಳು ಜನ ಪ್ರಾಣ ಇಟ್ಟು ನುಡಿಸಿದ್ದನ್ನು ಫ್ಯಾನ್ ಹಾಕಿಕೊಂಡ ಹಾಗೆ ಹಾಕಿಕೊಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಜಾಝ್ ಕೇಳುವವರಿಗೆ ಜಂಬ ಜಾಸ್ತಿ ಅಂತ ಕೆಲವರು ಅಂದುಕೊಳ್ಳುತ್ತಾರೆ. ಜಂಬ ಅಲ್ಲ. ನಾನು ಕೇಳುತ್ತಿರುವುದು 20 ನಿಮಿಷ, ಅಷ್ಟೇ.

20 ನಿಮಿಷ ಯಾಕೆ ಅಂದರೆ, ಹಳೆಯ ಎಲ್‌ಪಿ ತಟ್ಟೆಯ ಒಂದು ಮಗ್ಗುಲು ಹೆಚ್ಚುಕಡಿಮೆ ಅಷ್ಟು ಹೊತ್ತು ಓಡುತ್ತದೆ. ನಾವು ಐದು ಜನ ಇದ್ದೇವೆ. ತಿಂಗಳಿಗೊಂದು ಭಾನುವಾರ ಮೈಸೂರಿನಲ್ಲಿ ಒಬ್ಬ ಗೆಳೆಯನ ಮನೆಯ ಹಾಲಿನಲ್ಲಿ ಸೇರುತ್ತೇವೆ. ಸರದಿ ಬಂದವರು ಒಂದು ಆಲ್ಬಂ ತರಬೇಕು. ಒಂದು ಮಗ್ಗುಲು ಮುಗಿಯುವವರೆಗೆ ಯಾರೂ ಮಾತಾಡುವ ಹಾಗಿಲ್ಲ, ಫೋನು ಮುಟ್ಟುವ ಹಾಗಿಲ್ಲ. ಆಮೇಲೆ ಕಾಫಿ. ಆಮೇಲೆ ಎಷ್ಟು ಬೇಕಾದರೂ ಜಗಳ ಆಡಬಹುದು.

ಒಂದು ಡಿಸೆಂಬರಿನಲ್ಲಿ ನನ್ನ ಸರದಿ. ನಾನು ತಂದಿದ್ದು ಬಿಲ್ ಇವಾನ್ಸ್‌ನ 'ವಾಲ್ಟ್ಸ್ ಫಾರ್ ಡೆಬಿ'. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನುವ ನೆಲಮಾಳಿಗೆಯ ಕ್ಲಬ್ಬಿನಲ್ಲಿ 1961ರ ಜೂನ್ 25, ಒಂದು ಭಾನುವಾರ, ಜನರ ಮುಂದೆಯೇ ರೆಕಾರ್ಡ್ ಮಾಡಿದ್ದು. ಪಿಯಾನೋ ಇವಾನ್ಸ್, ಬೇಸ್ ಅನ್ನುವ ದೊಡ್ಡ ತಂತಿವಾದ್ಯ ಸ್ಕಾಟ್ ಲಫಾರೋ, ಡ್ರಮ್ಸ್ ಪಾಲ್ ಮೋಷನ್. ಮೂರೇ ಜನ.

ಗೆಳೆಯನ ಅಮ್ಮ ಒಳಗೆ ನೆನೆಸಿದ ಅವರೆಕಾಳು ಇಟ್ಟುಕೊಂಡು ಕೂತಿದ್ದರು. ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸಿ ಬೇಳೆಯನ್ನು ಬೋಗುಣಿಗೆ ಹಾಕುವ ಕೆಲಸ. ಸದ್ದೇ ಇಲ್ಲದ ಕೆಲಸ ಅದು. ಮೊದಲ ಹಾಡು ಅರ್ಧ ಆಗಿತ್ತೇನೋ, ಬೋಗುಣಿ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಅಡುಗೆಮನೇಲಿ ಯಾರೋ ಲೋಟ ಎತ್ತಿಡ್ತಾ ಇದಾರಲ್ಲೋ ಅಂದ್ಕೊಂಡೆ. ಒಳಗೆ ಇರೋದು ನಾನೊಬ್ಬಳೇ!"

ಮಗ ತುಟಿ ಮೇಲೆ ಬೆರಳಿಟ್ಟು ತೋರಿಸಿದ. ಅಮ್ಮ ಅಲ್ಲೇ ಹೊಸಿಲ ಮೇಲೆ ಕೂತರು. ಕಾಳು ಬಿಡಿಸುತ್ತಾ ಕೇಳಿದರು.

ಆ ಸದ್ದು ನಿಜವಾಗಿಯೂ ಅದರಲ್ಲಿದೆ. ಕ್ಲಬ್ಬಿನಲ್ಲಿ ಕೂತವರು ಲೋಟ ತಾಗಿಸುತ್ತಾರೆ, ಮಾತಾಡುತ್ತಾರೆ, ಯಾರೋ ನಗುತ್ತಾರೆ. ಎಲ್ಲಾ ರೆಕಾರ್ಡ್ ಆಗಿಬಿಟ್ಟಿದೆ. ಅಂದಿನ ಒಂದು ಟೇಪಿನಲ್ಲಿ ಮಧ್ಯೆ ಕರೆಂಟು ಹೋಗಿದ್ದೂ ಇದೆ. ಅದನ್ನು ಆಗ ಬಿಟ್ಟಿದ್ದರು, ಎಷ್ಟೋ ವರ್ಷದ ಮೇಲೆ ಪೂರ್ತಿ ಸೆಟ್ ತಂದಾಗ ಸೇರಿಸಿದರು.

ಎರಡನೆಯದು ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು. ಡೆಬಿ ಅಂದರೆ ಇವಾನ್ಸ್‌ನ ಅಣ್ಣನ ಮಗಳು. ಶುರುವಿನಲ್ಲಿ ಪಿಯಾನೋ, ಬೇಸ್ ಎರಡೇ. ಮೂರರ ಲೆಕ್ಕದಲ್ಲಿ ಮಗುವನ್ನು ತೂಗಿದ ಹಾಗೆ ಹೋಗುತ್ತವೆ. ಆಮೇಲೆ ಡ್ರಮ್ಸ್ ಬಂದು ಸೇರುತ್ತದೆ, ಲೆಕ್ಕ ನಾಲ್ಕಕ್ಕೆ ತಿರುಗುತ್ತದೆ, ಮಗು ತೊಟ್ಟಿಲಿಂದ ಇಳಿದು ಓಡಿದ ಹಾಗಾಗುತ್ತದೆ. ಆ ಜಾಗಕ್ಕೆ ಬಂದಾಗ ಅಮ್ಮನ ಬೆರಳು ನಿಂತಿದ್ದನ್ನು ನಾನು ನೋಡಿದೆ.

ಮಗ್ಗುಲು ಮುಗಿಯಿತು. ನಾವು ಬಾಯಿ ಬಿಡುವ ಮೊದಲೇ ಅವರು ಶುರು ಮಾಡಿದರು. "ಆ ಹುಡುಗ ಅಷ್ಟು ಮೆಲ್ಲಗೆ ನುಡಿಸ್ತಾ ಇದಾನೆ, ಇವರಿಗೆ ಒಂದು ನಿಮಿಷ ಬಾಯಿ ಮುಚ್ಕೊಂಡು ಕೂರೋಕೆ ಆಗಲ್ವಾ?" ಆಮೇಲೆ, "ಆ ದಪ್ಪ ದನಿ ಯಾರ್ದೋ? ಇವನು ಒಂದು ಅಂದ್ರೆ ಅದು ಒಂದು ಅನ್ನುತ್ತೆ. ಹಿಂದೆ ಸುಮ್ನೆ ನಿಲ್ಲೋದೇ ಇಲ್ಲ."

ನಮಗೆಲ್ಲ ಮೈ ಜುಂ ಅಂದಿತು. ಆ ಮೂವರು ಏನು ಮಾಡಿದರು ಅಂತ ಜಾಝ್ ಓದಿಕೊಂಡವರು ಹೇಳುವುದು ಇದನ್ನೇ. ಬೇಸ್ ಹಿಂದೆ ನಿಂತು ಲೆಕ್ಕ ಹಿಡಿಯುವುದನ್ನು ಬಿಟ್ಟು ಪಿಯಾನೋ ಜೊತೆ ಸಮಸಮ ಮಾತಿಗಿಳಿಯಿತು ಅಂತ. ಅಮ್ಮ ಒಂದೇ ಸಲ ಕೇಳಿ ಹೇಳಿದರು.

ಆ ದಪ್ಪ ದನಿ ಲಫಾರೋನದು. ಆ ರೆಕಾರ್ಡಿಂಗ್ ಆಗಿ 11 ದಿನಕ್ಕೆ, ಜುಲೈ 6ರಂದು, ಕಾರು ಅಪಘಾತದಲ್ಲಿ ತೀರಿಕೊಂಡ. 25 ವರ್ಷ. ಇವಾನ್ಸ್ ಎಷ್ಟೋ ತಿಂಗಳು ಜನರ ಮುಂದೆ ನುಡಿಸಲಿಲ್ಲ. ಅದೇ ದಿನದ ಟೇಪಿನಿಂದ ಮೊದಲು ಹೊರಬಂದ 'ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್'ನಲ್ಲಿ ಮೊದಲನೆಯದೂ ಕೊನೆಯದೂ ಲಫಾರೋ ಬರೆದದ್ದೇ. ಗೆಳೆಯ ಇದನ್ನೆಲ್ಲ ಹೇಳಿದಾಗ ಅಮ್ಮ ಬೋಗುಣಿ ಕೆಳಗಿಟ್ಟರು. "ಅಲ್ಲಿ ಮಾತಾಡ್ತಾ ಕೂತಿದ್ರಲ್ಲ, ಅವರಿಗೆ ಆಮೇಲೆ ಗೊತ್ತಾಯ್ತೇನೋ ಪಾಪ" ಅಂದರು. ಸಿಟ್ಟು ಹೋಗಿ ಅವರ ಮೇಲೂ ಮರುಕ ಬಂದಿತ್ತು.

ನೋಡಿ, ಅವರು ನನ್ನನ್ನು ಆಲ್ಬಮ್ಮಿನ ಹೆಸರು ಕೇಳಲೇ ಇಲ್ಲ.

ನೀವೂ ಹೆಸರು ಕೇಳಬೇಡಿ. "ನಿಮಗೆ ಎಲ್ಲಿ ಹಿಡಿಸಿತು?" ಅಂತ ಕೇಳಿ. ಆಗ ಲಿಫ್ಟ್ ನಿಲ್ಲಿಸಿ ಹೇಳುತ್ತೇನೆ. 'ಕೈಂಡ್ ಆಫ್ ಬ್ಲೂ'ನ ಮೊದಲ ಹಾಡು 'ಸೋ ವಾಟ್' ಅನ್ನೇ ತಗೊಳ್ಳಿ. 16 ಬಾರ್ (ಇಲ್ಲಿ ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ಅವೇ ಏಳು ಸ್ವರಗಳ ಮೇಲೆ ನಿಲ್ಲುತ್ತಾರೆ, ಆ ಸ್ವರಗಳು ನಮ್ಮ ಖರಹರಪ್ರಿಯ ರಾಗದ್ದೇ. ಗಮಕ ಇಲ್ಲ, ರಾಗದ ನಡಿಗೆ ಇಲ್ಲ, ಆದರೆ ಸ್ವರಸ್ಥಾನ ಅವೇ. ಆಮೇಲೆ 8 ಬಾರ್‌ಗೆ ಇಡೀ ಮನೆಯೇ ಅರ್ಧ ಮೆಟ್ಟಿಲು ಮೇಲೆ ಹತ್ತುತ್ತದೆ, ಶ್ರುತಿ ಎರಡರಿಂದ ಎರಡೂವರೆಗೆ ಹೋಗುತ್ತದೆ, ಮತ್ತೆ 8 ಬಾರ್‌ಗೆ ಕೆಳಗೆ. ನಮ್ಮಲ್ಲಿ ಪಿಟೀಲು ಕಲಿತ ಗೆಳತಿಯೊಬ್ಬಳಿದ್ದಾಳೆ. ಮೊದಲ ಸಲ ಅದು ಮೇಲೆ ಹತ್ತಿದಾಗ ಯಾರೋ ಕೂತ ಚಾಪೆ ಎಳೆದ ಹಾಗಾಯ್ತು ಅಂದಳು. ನನಗೆ ಅಲ್ಲೇ ಹಿಡಿಸಿತು.

ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಂ' 1964ರ ಡಿಸೆಂಬರ್ 9ರಂದು ರೆಕಾರ್ಡ್ ಆಗಿದ್ದು. ಅದರ ನಾಲ್ಕನೆಯ ಭಾಗದಲ್ಲಿ ಅವನು ದೇವರಿಗೆ ಬರೆದ ಒಂದು ಪದ್ಯವನ್ನು ಸ್ಯಾಕ್ಸೊಫೋನಿನಲ್ಲಿ ಮಾತು ಮಾತಾಗಿ ನುಡಿಸುತ್ತಾನೆ. ಬಾಯಲ್ಲಿ ಒಂದಕ್ಷರ ಹೇಳುವುದಿಲ್ಲ. ಪದ್ಯ ಆಲ್ಬಮ್ಮಿನ ಜೊತೆಗೇ ಅಚ್ಚಾಗಿದೆ, ಎದುರಿಗಿಟ್ಟುಕೊಂಡು ಬೆರಳು ಓಡಿಸುತ್ತಾ ಕೇಳಬಹುದು. ಪಿಟೀಲಿನಲ್ಲಿ ದೇವರನಾಮ ನುಡಿಸಿದಾಗ ನಾವು ಮನಸ್ಸಲ್ಲೇ ಸಾಹಿತ್ಯ ಹೇಳಿಕೊಳ್ಳುತ್ತೇವಲ್ಲ, ಅದೇ.

"ನಮ್ಮ ಸಂಗೀತ ಇಷ್ಟಿರುವಾಗ ಇದ್ಯಾಕೆ?" ಅಂತ ಕೇಳುವವರೂ ಇದ್ದಾರೆ. ನಮ್ಮದು ಬಿಟ್ಟು ಬಂದವರು ಯಾರು? ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ 1983ರಲ್ಲಿ 'ಜ್ಯೋತಿ' ಮಾಡಿದ್ದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ. ಆರ್.ಎ. ರಮಾಮಣಿ ಹಾಡಿದ್ದಾರೆ, ಟಿ.ಎ.ಎಸ್. ಮಣಿ ಮೃದಂಗ. ನಮ್ಮ ಕದ್ರಿ ಗೋಪಾಲನಾಥ್ ರುದ್ರೇಶ್ ಮಹಾಂತಪ್ಪ ಜೊತೆ 2008ರಲ್ಲಿ 'ಕಿನ್ಸ್‌ಮೆನ್' ಕೊಟ್ಟರು. ಎರಡು ಸ್ಯಾಕ್ಸೊಫೋನು, ಒಂದು ಕರಾವಳಿಯದ್ದು, ಒಂದು ಅಮೆರಿಕದ್ದು. ಕೇಳಿ ಬನ್ನಿ, ಆಮೇಲೆ ನಮ್ಮದು ಯಾವುದು ಅಂತ ಮಾತಾಡೋಣ.

ಕಳೆದ ತಿಂಗಳು ಮತ್ತೆ ಅದೇ ಮನೆಯಲ್ಲಿ ಸೇರಿದ್ದೆವು. ಸರದಿ ಬೇರೆಯವರದ್ದು, ಅವರು ಯಾವುದೋ ಹೊಸದು ತಂದಿದ್ದರು. ಕೇಳಿ ಮುಗಿಯಿತು, ಜಗಳವೂ ಆಯಿತು. ಅಮ್ಮ ಕಾಫಿ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಡುತ್ತಾ ನನ್ನ ಕಡೆ ತಿರುಗಿದರು.

"ಹೊರಡೋ ಮುಂಚೆ ಆ ಲೋಟದ ಸದ್ದಿಂದು ಒಂದ್ಸಲ ಹಾಕಪ್ಪ."