ಅಮೆರಿಕದ ಮೊಮ್ಮಕ್ಕಳ ಮನೆಗೆ ಹೊರಟ ದಾವಣಗೆರೆಯ ಅಜ್ಜ-ಅಜ್ಜಿಯರಿಗೆ

ಮೂರ್ನಾಲ್ಕು ವರ್ಷದಿಂದ ಫೋನಿನಲ್ಲಷ್ಟೇ ಕಂಡ ಮೊಮ್ಮಗುವನ್ನು ನೋಡಲು ಅಮೆರಿಕಕ್ಕೆ ಹೊರಟವರು ಈಗ ದಾವಣಗೆರೆಯಲ್ಲಿ ವಿದ್ಯಾನಗರ, ಪಿ.ಜೆ. ಬಡಾವಣೆ ಎನ್ನದೆ ಎಲ್ಲೆಲ್ಲೂ ಇದ್ದಾರೆ. ವೀಸಾ ಬಂತು ಅಂದ ಮರುದಿನವೇ ಮನೆಯಲ್ಲಿ ಶೇಂಗಾ ಹುರಿಯುವ ವಾಸನೆ. ತಯಾರಿಯ ಮುಕ್ಕಾಲು ಪಾಲು ಸೂಟ್‌ಕೇಸಿಗೇ ಹೋಗುತ್ತದೆ. ಮಗುವಿನ ಮುಂದೆ ಮೊದಲ ವಾರ ಹೇಗಿರಬೇಕು ಅಂತ ಯೋಚಿಸಲು ಯಾರಿಗೂ ಪುರಸೊತ್ತಿಲ್ಲ. ಅಲ್ಲಿಗೆ ಹೋದಮೇಲೆ ಅಜ್ಜಿಯ ಕಣ್ಣಲ್ಲಿ ನೀರು ತರಿಸುವುದು ಆ ಮೊದಲ ವಾರವೇ. ಹಾಗಾಗಿ ಮಗುವಿನಿಂದ ಶುರು ಮಾಡೋಣ, ಸೂಟ್‌ಕೇಸು ಆಮೇಲೆ.

ಸುಮಾರು ಎಂಟು ತಿಂಗಳಾಗುವ ಹೊತ್ತಿಗೆ ಮಕ್ಕಳಿಗೆ ತಮ್ಮವರು ಯಾರು, ಹೊರಗಿನವರು ಯಾರು ಅನ್ನುವುದು ತಿಳಿಯತೊಡಗುತ್ತದೆ. ಅಲ್ಲಿಂದ ಒಂದೂವರೆ-ಎರಡು ವರ್ಷದವರೆಗೆ ಹೊಸಬರನ್ನು ಕಂಡರೆ ಅಮ್ಮನ ಕಾಲು ಹಿಡಿದುಕೊಳ್ಳುವುದು ಸಹಜ. ದಿನಾ ವಿಡಿಯೋ ಕಾಲ್ ಮಾಡಿದ ಅಜ್ಜಿಯಾದರೂ ಅಷ್ಟೇ. ಮಗುವಿಗೆ ಗೊತ್ತಿರುವುದು ಅಂಗೈಯಗಲದ ಒಂದು ಮುಖ. ಆ ಮುಖಕ್ಕೆ ಇಷ್ಟು ಎತ್ತರದ ಮೈಯಿದೆ, ವಿಭೂತಿ-ಅಮೃತಾಂಜನದ ವಾಸನೆಯಿದೆ ಅಂತ ಅದಕ್ಕೇನು ಗೊತ್ತು? ಏರ್‌ಪೋರ್ಟಿನಲ್ಲೇ ‘ಬಾರೋ ನನ್ ಬಂಗಾರ’ ಅಂತ ಎತ್ತಿಕೊಂಡರೆ ಮಗು ಚೀರುತ್ತದೆ, ಅಜ್ಜಿಗೆ ಬೇಜಾರು, ಸೊಸೆಗೆ ಮುಜುಗರ. ಅದರ ಮೇಲೆ ಮಂಕಿಕ್ಯಾಪು, ಮಾಸ್ಕು ಹಾಕಿಕೊಂಡು ಇಳಿದಿದ್ದರಂತೂ ಗೊತ್ತಿದ್ದ ಮುಖವೂ ಕಾಣುವುದಿಲ್ಲ. ವಿಡಿಯೋದಲ್ಲಿ ಹಾಕುತ್ತಿದ್ದ ಕನ್ನಡಕವನ್ನೇ ಹಾಕಿಕೊಂಡು, ಮುಖ ಬಿಟ್ಟುಕೊಂಡು ಹೊರಬನ್ನಿ.

ಮನೆ ತಲುಪಿ, ಸ್ನಾನ ಮುಗಿಸಿ, ಬಟ್ಟೆ ಬದಲಿಸಿ ನೆಲದ ಮೇಲೆ ಕೂತುಬಿಡಿ. ಮಂಡಿನೋವಿದ್ದರೆ ಗಿಡ್ಡ ಸ್ಟೂಲು ಸಾಕು. ಮಗುವಿಗೆ ನೇರ ಎದುರಾಗಿ ಬೇಡ, ಓರೆಯಾಗಿ ಕೂರಿ. ಅದನ್ನೇ ದಿಟ್ಟಿಸದೆ ಅದರ ಅಮ್ಮನ ಜೊತೆ ಮಾತಾಡುತ್ತಾ ಕೈಯಲ್ಲಿ ಏನಾದರೂ ಕೆಲಸ ಮಾಡುತ್ತಿರಿ: ಸ್ಟೀಲ್ ಡಬ್ಬಿಯೊಳಗೆ ಸಣ್ಣ ಡಬ್ಬಿ ಇಡುವುದು, ತೆಗೆಯುವುದು, ಮುಚ್ಚಳ ಬಡಿಯುವುದು. ಮಗು ಹತ್ತಿರ ಬಂದು ಮುಟ್ಟಿ ಓಡುತ್ತದೆ. ಎತ್ತಿಕೊಳ್ಳಬೇಡಿ. ಮತ್ತೆ ಬರುತ್ತದೆ, ಮತ್ತೆ ಓಡುತ್ತದೆ. ನಿಂತು ನೋಡಲು ಶುರು ಮಾಡಿದಾಗ ಒಂದು ಡಬ್ಬಿ ಅದರ ಕೈಗೆ ಕೊಡಿ. ತೊಡೆ ಹತ್ತುವುದು ಕೆಲವು ಮಕ್ಕಳಿಗೆ ಅದೇ ಸಂಜೆ, ಕೆಲವಕ್ಕೆ ವಾರ. ಈ ನಡುವೆ ಕೆಲಸ ಕೆಡಿಸುವವರು ಸಾಮಾನ್ಯವಾಗಿ ಮಗನೋ ಅಳಿಯನೋ: ‘ಅಜ್ಜಿಗೆ ಮುತ್ತು ಕೊಡು, ಕೊಡು’ ಅಂತ ಮಗುವನ್ನು ತಳ್ಳುತ್ತಾರೆ. ‘ಇರಲಿ ಬಿಡಪ್ಪ, ಅದಕ್ಕೆ ಬೇಕಾದಾಗ ಬರ್ತದೆ’ ಅಂತ ನೀವೇ ತಡೆಯಬೇಕು.

ಹೊರಡುವ ಎರಡು ತಿಂಗಳ ಮೊದಲೇ ವಿಡಿಯೋ ಕಾಲ್‌ಗೆ ಒಂದು ರೂಢಿ ಹಾಕಿ. 18 ತಿಂಗಳೊಳಗಿನ ಮಕ್ಕಳಿಗೆ ಪರದೆಯೇ ಬೇಡ ಅನ್ನುವ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ ವಿಡಿಯೋ ಕಾಲ್‌ಗೆ ವಿನಾಯಿತಿ ಕೊಟ್ಟಿದೆ. ‘ಊಟ ಆಯ್ತಾ, ಏನ್ ತಿಂದೆ’ ಎನ್ನುವುದು ದೊಡ್ಡವರ ಮಾತು, ಮಗುವಿಗೆ ಅದರಲ್ಲಿ ಏನೂ ಇಲ್ಲ. ಪ್ರತಿ ಸಲ ಅದೇ ಹಾಡು, ಅದೇ ಸ್ಟೀಲ್ ಡಬ್ಬಿ, ಹತ್ತು ನಿಮಿಷ ಸಾಕು. ಆ ಡಬ್ಬಿಯನ್ನೇ ಜೊತೆಗೆ ತೆಗೆದುಕೊಂಡು ಹೋಗಿ. ಹೊತ್ತಿನ ಲೆಕ್ಕ ಹೀಗೆ: ನಮ್ಮ ಸಂಜೆ 7 ಎಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 9.30, ಚಳಿಗಾಲದಲ್ಲಿ 8.30. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅವರು ಗಡಿಯಾರ ತಿರುಗಿಸುತ್ತಾರೆ. ಆಗ ನೀವು ಕರೆ ಮಾಡಿದ ಹೊತ್ತಿಗೆ ಮಗು ಡೇಕೇರ್‌ಗೆ ಹೋಗಿರುವುದೂ ಉಂಟು.

ಐದಾರು ವರ್ಷದ ಮಗುವಾದರೆ ಭಯ ಇರುವುದಿಲ್ಲ, ಭಾಷೆ ಅಡ್ಡ ಬರುತ್ತದೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ‘ಅಯ್ಯೋ ಕನ್ನಡ ಬರಲ್ವಾ’ ಅಂತ ನಾಲ್ಕು ಜನರ ಮುಂದೆ ನಕ್ಕರೆ ಅರ್ಥವಾಗುತ್ತಿದ್ದದ್ದನ್ನೂ ಮುಚ್ಚಿಡುತ್ತದೆ. ನೀವು ಕನ್ನಡದಲ್ಲೇ ನಿಧಾನ ಮಾತಾಡಿ, ಅದು ಯಾವುದರಲ್ಲಾದರೂ ಉತ್ತರ ಕೊಡಲಿ. ದಿನದಲ್ಲಿ ಒಂದು ಕೆಲಸ ಪೂರಾ ನಿಮ್ಮದಾಗಲಿ, ಉದಾಹರಣೆಗೆ ಮಲಗುವ ಹೊತ್ತಿನ ಕಥೆ. ನಮ್ಮ ಕಡೆಯವರಿಗೆ ಕಥೆಗೇನು ಬರ? ಚಿತ್ರದುರ್ಗದ ಕೋಟೆಗೆ ಒಂದು ದಿನ ಹೋಗಿ ಏಳು ಸುತ್ತಿನ ಬಾಗಿಲು, ಅಕ್ಕ-ತಂಗಿ ಹೊಂಡ, ಒನಕೆ ಓಬವ್ವನ ಕಿಂಡಿ ಇವುಗಳ ಫೋಟೊ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಳ್ಳಿ. ಕಿಂಡಿಯ ಪಕ್ಕ ಅಜ್ಜ ನಿಂತಿರಲಿ, ಎಷ್ಟು ಇಕ್ಕಟ್ಟು ಅಂತ ಆಗಲೇ ತಿಳಿಯುವುದು. ಕಾವಲಿನ ಗಂಡ ಊಟಕ್ಕೆ ಬಂದದ್ದು, ಓಬವ್ವ ನೀರಿಗೆ ಹೋದದ್ದು, ಕಿಂಡಿಯಲ್ಲಿ ತಲೆ ಕಂಡದ್ದು: ಮೊದಲ ರಾತ್ರಿ ಅಲ್ಲಿಗೇ ನಿಲ್ಲಿಸಿ. ಮರುದಿನ ಮಗುವೇ ಕರೆಯುತ್ತದೆ.

ಕೂಸಿದ್ದ ಮನೆಯಾದರೆ ನಮ್ಮ ಕೆಲವು ಪದ್ಧತಿಗಳನ್ನು ಊರಲ್ಲೇ ಬಿಟ್ಟು ಹೋಗಬೇಕು. ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು, ಬಜೆ ತೇಯ್ದು ಜೇನಲ್ಲಿ ಕೊಡುವುದೂ ಅದರಲ್ಲೇ ಬಂತು. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಕಣ ದೊಡ್ಡವರ ಹೊಟ್ಟೆಯಲ್ಲಿ ಏನೂ ಮಾಡುವುದಿಲ್ಲ, ಕೂಸಿನ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ. ಆರು ತಿಂಗಳವರೆಗೆ ನೀರೂ ಬೇಡ. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರುವ ಭಯದಿಂದ ಅಲ್ಲಿ ಅದನ್ನು ಒಪ್ಪುವುದಿಲ್ಲ. ತಲೆ ದುಂಡಗಾಗಲೆಂದು ಸಾಸಿವೆ ದಿಂಬು ಹೊಲಿದು ಒಯ್ಯುವವರಿದ್ದಾರೆ. ಕೂಸನ್ನು ಅಂಗಾತ, ದಿಂಬಿಲ್ಲದೆ, ಬರಿ ಹಾಸಿಗೆಯಲ್ಲಿ ಮಲಗಿಸುವುದು ಅಲ್ಲಿನ ಕ್ರಮ. ಉಸಿರುಗಟ್ಟುವ ಅಪಾಯ ಅದರಿಂದ ತಗ್ಗುತ್ತದೆ, ಸೊಸೆಯ ಹಟ ಅಂದುಕೊಳ್ಳಬೇಡಿ. ಕಾರಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ, ಮಗು ಎಷ್ಟೇ ಅತ್ತರೂ ಕಾರ್‌ಸೀಟೇ. ಇನ್ನು ಹೊರಡುವ ಕನಿಷ್ಠ ಎರಡು ವಾರ ಮೊದಲು ನಿಮ್ಮ ಡಾಕ್ಟರ ಹತ್ತಿರ ನಾಯಿಕೆಮ್ಮು ತಡೆಯುವ ಟಿಡ್ಯಾಪ್ ಮತ್ತು ಫ್ಲೂ ಲಸಿಕೆ ಕೇಳಿ ಹಾಕಿಸಿಕೊಳ್ಳಿ. ನಾಯಿಕೆಮ್ಮು ದೊಡ್ಡವರಿಗೆ ಬರಿ ಕೆಮ್ಮು, ಎರಡು ತಿಂಗಳ ಕೂಸಿಗೆ ಜೀವಕ್ಕೇ ಸಂಚಕಾರ.

ಈಗ ಸೂಟ್‌ಕೇಸು. ಎಲ್ಲರೂ ಎಡವುವುದು ಉಡಿ ತುಂಬುವ ಸಾಮಾನಿನಲ್ಲಿ. ಮಗಳಿಗೆ ಉಡಿ ತುಂಬಲು ಏನೇನು ಬೇಕು? ಅಕ್ಕಿ, ಕೊಬ್ಬರಿ ಗಿಟುಕು, ಎಲೆ-ಅಡಿಕೆ, ಕಣ (ರವಿಕೆ ಬಟ್ಟೆ). ಇದರಲ್ಲಿ ಅರ್ಧಕ್ಕರ್ಧ ದಾಟುವುದಿಲ್ಲ. ಭದ್ರಾ ನಾಲೆ ನೀರಲ್ಲಿ ಬೆಳೆದ ಮನೆ ಅಕ್ಕಿಯಾದರೂ ಅಮೆರಿಕ ಬಿಡುವುದಿಲ್ಲ: ಖಾಪ್ರಾ ಅನ್ನುವ ಧಾನ್ಯದ ಹುಳು ಇರುವ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರುವಂತಿಲ್ಲ, ಆ ಪಟ್ಟಿಯಲ್ಲಿ ನಾವಿದ್ದೇವೆ. ಮಂಡಕ್ಕಿಯೂ ಅಕ್ಕಿಯದೇ, ಅದನ್ನು ಅಲ್ಲಿ ನಿಂತು ವಾದಿಸುವ ಬದಲು ಮನೆಯಲ್ಲೇ ಬಿಡಿ. ಇಡೀ ಕೊಬ್ಬರಿ ಗಿಟುಕನ್ನು ಬೆಂಗಳೂರಿನಲ್ಲೇ ತೆಗೆಸುತ್ತಾರೆ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು ವಿಮಾನಯಾನದ ನಿಯಮಗಳಲ್ಲಿ ಅದನ್ನು ಸೇರಿಸಿದ್ದಾರೆ. ಕರಿಬೇವಿನ ಸೊಪ್ಪಂತೂ ಬೇಡವೇ ಬೇಡ. ನಿಂಬೆ-ಕಿತ್ತಳೆ ಗಿಡಕ್ಕೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ. ಕಣ, ಕುಂಕುಮ, ಬಳೆ ಇಷ್ಟು ಇಲ್ಲಿಂದ ಒಯ್ಯಿರಿ. ಅಕ್ಕಿ, ಕಾಯಿ ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತವೆ. ಉಡಿಗೇನೂ ಕಮ್ಮಿಯಾಗುವುದಿಲ್ಲ.

ಶೇಂಗಾ ಚಟ್ನಿಪುಡಿಯನ್ನು ಕೈಚೀಲದಲ್ಲಿ ಇಡಬೇಡಿ. ಅಮೆರಿಕಕ್ಕೆ ಹೋಗುವ ವಿಮಾನದ ಕೈಚೀಲದಲ್ಲಿ 350 ಮಿಲಿಲೀಟರ್ ಡಬ್ಬಿಗಿಂತ ಹೆಚ್ಚು ಪುಡಿಯಿದ್ದರೆ ಬಿಚ್ಚಿ ತಪಾಸಣೆ ಮಾಡುತ್ತಾರೆ, ಕೆಲವೊಮ್ಮೆ ಒಳಗೆ ಬಿಡುವುದೂ ಇಲ್ಲ. ಚೆಕ್-ಇನ್ ಸೂಟ್‌ಕೇಸಿನಲ್ಲಿ, ಎರಡು ಪದರ ಪ್ಲಾಸ್ಟಿಕ್‌ನಲ್ಲಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದ ಚೀಟಿ ಅಂಟಿಸಿ ಇಡಿ. ಅಲ್ಲಿಳಿದಾಗ ‘ತಿಂಡಿ ತಿನಿಸು ಇದೆಯಾ’ ಅಂತ ಕೇಳಿದರೆ ‘ಯೆಸ್’ ಅನ್ನಿ. ಹೆದರಿ ‘ನೋ’ ಅಂದು ಸಿಕ್ಕಿಬಿದ್ದರೆ ದಂಡ. ಹೇಳಿದರೆ ಬಹಳವಾಯಿತು ಅಂದರೆ ಆ ಡಬ್ಬಿ ತೆಗೆದಿಟ್ಟುಕೊಳ್ಳುತ್ತಾರೆ.

ಮಾತ್ರೆಗಳು ಮಾತ್ರ ಕೈಚೀಲದಲ್ಲೇ ಇರಬೇಕು: ಅಂಗಡಿಯ ಸ್ಟ್ರಿಪ್‌ನಲ್ಲೇ, ಇರುವಷ್ಟು ದಿನಕ್ಕೆ ಮೇಲೆ ಹದಿನೈದು ದಿನದ್ದು ಸೇರಿಸಿ, ಔಷಧದ ಮೂಲ ಹೆಸರು ಬರೆದ ಡಾಕ್ಟರ ಚೀಟಿಯೊಂದಿಗೆ. ವಾರದ ಡಬ್ಬಿಗೆ ಸುರಿದುಕೊಂಡು ಹೋದರೆ ಅದು ಯಾವ ಮಾತ್ರೆ ಅಂತ ಹೇಳುವವರು ಯಾರೂ ಇರುವುದಿಲ್ಲ. ಇನ್ಸುಲಿನ್ ಲಗೇಜಿನಲ್ಲಿ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಹೊತ್ತು ಬದಲಾಗುವುದರಿಂದ ಪ್ರಯಾಣದ ದಿನ ಎಷ್ಟು, ಯಾವಾಗ ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಇನ್ಶೂರೆನ್ಸ್ ಕೊಳ್ಳುವಾಗ ಇರುವ ಬಿ.ಪಿ., ಶುಗರ್ ಮುಚ್ಚಿಡುವುದು ಶುದ್ಧ ದಡ್ಡತನ. ಕ್ಲೇಮು ತಿರಸ್ಕರಿಸಲು ಅವರಿಗೆ ಅದೊಂದೇ ಸಾಕು.

ದಾರಿಯ ವಿಷಯ ಹೆಚ್ಚಿಲ್ಲ. ವಿಮಾನ ಬುಧವಾರ ಬೆಳಗಿನ ಜಾವ 3ಕ್ಕೆ ಅಂದರೆ ಮಂಗಳವಾರ ಸಂಜೆ 5ರೊಳಗೆ ದಾವಣಗೆರೆ ಬಿಡಬೇಕು. ಟಿಕೆಟ್ ಕೈಯಲ್ಲಿಟ್ಟುಕೊಂಡೇ ಒಂದು ದಿನ ತಡವಾಗಿ ಹೊರಟವರಿದ್ದಾರೆ. ಬೆಂಗಳೂರು ಊರೊಳಗೆ ಹೋಗದೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ. ವಿದೇಶದ ವಿಮಾನ ಹೊರಡುವುದು ಟರ್ಮಿನಲ್ 2ರಿಂದ. ನಡೆಯಲು ಕಷ್ಟವಿದ್ದರೆ 48 ಗಂಟೆ ಮೊದಲೇ ವೀಲ್‌ಚೇರ್ ಹೇಳಿಸಿ. ವಿಮಾನದಲ್ಲಿ ನೀರು ಕುಡಿಯುತ್ತಾ ಎರಡು ಗಂಟೆಗೊಮ್ಮೆ ಎದ್ದು ಓಡಾಡಿ. ಕೂತೇ ಇದ್ದರೆ ಕಾಲಿನ ರಕ್ತ ಹೆಪ್ಪುಗಟ್ಟುವ ಸಂಭವ ಇರುತ್ತದೆ.

ಮುಟ್ಟಿದ ಮೇಲೆ ಅಡುಗೆಮನೆಯಲ್ಲಿ ಒಂದು ಎಚ್ಚರ. ಒಣಮೆಣಸಿನಕಾಯಿ ಒಗ್ಗರಣೆಗೆ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ, ಮಲಗಿದ ಕೂಸು ಏಳುತ್ತದೆ. ಎಣ್ಣೆ ಇಡುವ ಮೊದಲೇ ಚಿಮಣಿ ಹಾಕಿ, ಕಿಟಕಿ ತೆಗೆಯಿರಿ.

ವೀಸಾ ಹತ್ತು ವರ್ಷದ್ದಿದ್ದರೂ ಒಂದು ಸಲಕ್ಕೆ ಎಷ್ಟು ದಿನ ಇರಬಹುದು ಅನ್ನುವುದನ್ನು ಅಲ್ಲಿಳಿದಾಗ ಅಧಿಕಾರಿ ತೀರ್ಮಾನಿಸುತ್ತಾರೆ, ಸಾಮಾನ್ಯವಾಗಿ ಆರು ತಿಂಗಳು. ಐ-94 ಅನ್ನುವ ಪ್ರವೇಶ ದಾಖಲೆಯಲ್ಲಿ ಆ ಕೊನೆಯ ತಾರೀಖು ಇರುತ್ತದೆ, ಮಗನ ಹತ್ತಿರ ತೆಗೆಸಿ ನೋಡಿಕೊಳ್ಳಿ. ವಾಪಸ್ ಹೊರಡುವಾಗ ಮಗು ಮಲಗಿದ್ದಾಗ ಸದ್ದಿಲ್ಲದೆ ಹೋಗಬೇಡಿ. ಎದ್ದು ಮನೆಯೆಲ್ಲ ಹುಡುಕುತ್ತದೆ, ಆಮೇಲೆ ವಾರಗಟ್ಟಲೆ ಅಮ್ಮನನ್ನೂ ಬಿಟ್ಟಿರುವುದಿಲ್ಲ. ಒಂದು ವಾರ ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ದಿನಕ್ಕೊಂದು ಮನೆ ಅಳಿಸಲಿ. ಏರ್‌ಪೋರ್ಟಿಗೆ ಬರುವುದು ಬೇಡ, ಮನೆ ಬಾಗಿಲಲ್ಲೇ ಹೇಳಿ ಹೊರಡಿ. ದಾವಣಗೆರೆ ಮುಟ್ಟಿದ ಮರುದಿನ, ಮೊದಲಿನ ಹೊತ್ತಿಗೇ ಕರೆ ಮಾಡಿ.