ಮೂರೇ ಮಗ್ಗುಲಿನ ಸ್ಟೇಡಿಯಂ

ಈ ಸಲ ರಜೆಗೆ ಇಂಗ್ಲೆಂಡಿನಿಂದ ಬೆಳಗಾವಿಯ ಅನಗೋಳದ ಮನೆಗೆ ಬಂದಾಗ ಕಾಕಾ ನನ್ನ ಸಂಬಳ ಕೇಳಲಿಲ್ಲ, ಅಲ್ಲಿಯ ಥಂಡಿ ಕೇಳಲಿಲ್ಲ. "ತಮ್ಮಾ, ನಿಮ್ಮ ಶೆಫೀಲ್ಡಿನ್ಯಾಗ ಫೌಂಡ್ರಿ ಇನ್ನೂ ಅದಾವೇನು?" ಅಂದರು. ಉದ್ಯಮಬಾಗದ ಎರಕದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೋಲ್ಡಿಂಗ್ ಮಾಡಿದ ಕೈ ಅವರದು. ಶೆಫೀಲ್ಡ್ ಅಂದರೆ ಉಕ್ಕು, ಅಷ್ಟೇ.

ನಾನಿರುವ ಓಣಿಯಲ್ಲಿ ಆ ಉಕ್ಕಿನ ಹೆಸರು ಉಳಿದಿರುವುದು ಫುಟ್‌ಬಾಲ್ ತಂಡದಲ್ಲಿ. ಚಾಕು-ಕತ್ತರಿಯ ಊರು ನೋಡಿ, ಶೆಫೀಲ್ಡ್ ಯುನೈಟೆಡ್‌ನವರನ್ನು 'ಬ್ಲೇಡ್ಸ್' ಅಂತಲೇ ಕರೆಯುವುದು. ಅವರ ಬ್ರಮಲ್ ಲೇನ್ ಸ್ಟೇಡಿಯಂ ನನ್ನ ಮನೆಯಿಂದ ಹತ್ತು ನಿಮಿಷದ ನಡಿಗೆ. ಪಂದ್ಯದ ದಿನ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಅದೊಂದೇ ನನ್ನ ತಕರಾರು.

ಅದು ಶುರುವಾದದ್ದು ಕ್ರಿಕೆಟ್ ಮೈದಾನವಾಗಿ, 1855ರಲ್ಲಿ. ಫುಟ್‌ಬಾಲ್ ಕಾಲಿಟ್ಟದ್ದು 1862ರ ಡಿಸೆಂಬರಿನಲ್ಲಿ. 1889ರ ಮಾರ್ಚ್‌ನಲ್ಲಿ ಅಲ್ಲಿ ಎಫ್‌ಎ ಕಪ್ ಎಂಬ ಫುಟ್‌ಬಾಲ್ ಪಂದ್ಯಾವಳಿಯ ಒಂದು ಸೆಮಿಫೈನಲ್ ನಡೆದು ಗಲ್ಲಾಪೆಟ್ಟಿಗೆ ತುಂಬಿತು. ಅದನ್ನು ಕಂಡ ಕ್ರಿಕೆಟ್ ಕ್ಲಬ್ಬಿನವರು ಆರೇ ದಿನದಲ್ಲಿ ತಮ್ಮದೇ ಫುಟ್‌ಬಾಲ್ ತಂಡ ಕಟ್ಟಿದರು. ಅದೇ ಯುನೈಟೆಡ್.

ಕಾಕಾಗೆ ಹಿಡಿಸಿದ್ದು ದೀಪದ ಕಥೆ. 1878ರ ಅಕ್ಟೋಬರ್ 14ರ ರಾತ್ರಿ ಅಲ್ಲಿ ವಿದ್ಯುತ್ ಬೆಳಕಿನಲ್ಲಿ ಫುಟ್‌ಬಾಲ್ ಆಡಿದರು. ನಾಲ್ಕು ಮೂಲೆಗೆ ಮೂವತ್ತು ಅಡಿಯ ಕಟ್ಟಿಗೆಯ ಗೋಪುರ, ಒಂದೊಂದರ ಮೇಲೆ ಒಂದು ದೀಪ. ಗೋಲುಗಳ ಹಿಂದೆ ಉಗಿ ಎಂಜಿನ್ ಇಟ್ಟು ಡೈನಮೋ ತಿರುಗಿಸಿದರು. ಎಡಿಸನ್ ಬಲ್ಬು ಬರುವುದಕ್ಕೆ ಇನ್ನೂ ಒಂದು ವರ್ಷವಿತ್ತು.

"ಬಲ್ಬ್ ಇಲ್ಲದ ಹ್ಯಾಂಗ ಹಚ್ಚಿದ್ರು?"

"ಎರಡು ಕಾರ್ಬನ್ ಕಡ್ಡಿ ನಡುವ ಆರ್ಕ್ ಹೊಡಸ್ತಿದ್ರು ಕಾಕಾ."

"ಅಂದ್ರ ವೆಲ್ಡಿಂಗ್ ಅನ್ನು! ಆಡೋರ ಕಣ್ಣ ಗತಿ?"

ಮೂವತ್ತು ವರ್ಷ ಫೌಂಡ್ರಿಯಲ್ಲಿ ಕಳೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ಕೆಲವರ ಕಣ್ಣು ಕುಕ್ಕಿತ್ತಂತೆ, ನಿಜ. ಆದರೂ ನೋಡಲು ಸುಮಾರು 20,000 ಜನ ಸೇರಿದ್ದರು.

ಮುಂದಿನದನ್ನು ಬಾಯಲ್ಲಿ ಹೇಳಿದರೆ ತಿಳಿಯಲಿಲ್ಲ. ಕಡ್ಡಿ ಹಿಡಿದು ಅಂಗಳದ ಮಣ್ಣಿನಲ್ಲಿ ಗೆರೆ ಎಳೆದೆ. ಫುಟ್‌ಬಾಲ್ ಅಂಕಣದ ಮೂರು ಮಗ್ಗುಲಿಗೆ ಪ್ರೇಕ್ಷಕರು. ನಾಲ್ಕನೆಯ ಮಗ್ಗುಲು ಬಯಲು, ಅದು ಕ್ರಿಕೆಟ್ಟಿನದು; ಪೆವಿಲಿಯನ್ ಎಲ್ಲೋ ದೂರದಲ್ಲಿ. ನಮ್ಮ ಲೇಲೆ ಮೈದಾನದಲ್ಲಿ ನಾವು ಹುಡುಗರು ಇವರ ಚೆಂಡು ಅವರ ಕಾಲಿಗೆ ಅಂತ ಆಡುತ್ತಿದ್ದೆವಲ್ಲ, ಅದೇ ಸಂಸಾರ, ಆದರೆ ಟಿಕೆಟ್ ಕೊಟ್ಟು ನೋಡುವಂಥದ್ದು. 1902ರಲ್ಲಿ ಅಲ್ಲೊಂದು ಟೆಸ್ಟ್ ಕೂಡ ನಡೆಯಿತು. ಆಸ್ಟ್ರೇಲಿಯಾದ ಕ್ಲೆಮ್ ಹಿಲ್ 119 ಹೊಡೆದ, ಇಂಗ್ಲೆಂಡ್ 143 ರನ್ನುಗಳಿಂದ ಸೋತಿತು. ಮತ್ತೆ ಅಲ್ಲಿ ಟೆಸ್ಟ್ ಆಗಲಿಲ್ಲ. 1940ರ ಡಿಸೆಂಬರಿನಲ್ಲಿ ಜರ್ಮನ್ ಬಾಂಬುಗಳೂ ಬಿದ್ದವು. ಇಷ್ಟಾದರೂ ಎರಡು ಆಟಗಳ ಕೂಡಿಬಾಳುವಿಕೆ 1973ರವರೆಗೆ ನಡೆಯಿತು. ಆಮೇಲೆ ಕ್ರಿಕೆಟ್ ಬಂದ್ ಅಂದರು. ಎರಡು ವರ್ಷದಲ್ಲಿ, ಕ್ರಿಕೆಟ್ಟಿನ ಆ ಬಯಲಿನಲ್ಲೇ, ಸೌತ್ ಸ್ಟ್ಯಾಂಡ್ ಎಂಬ ನಾಲ್ಕನೆಯ ಗ್ಯಾಲರಿ ಎದ್ದಿತು.

"ಬಾಡಿಗಿ ಬಂದವ್ರು ಮನಿ ಮಾಲಕನ್ನ ಹೊರಗ ಹಾಕಿದಂಗಾತು," ಅಂದರು ಕಾಕಾ. ನನಗೂ ಹಾಗೇ ಅನಿಸುತ್ತದೆ. ನಮ್ಮ ದೇಶದಲ್ಲಾಗಿದ್ದರೆ ಹೊರಬೀಳುತ್ತಿದ್ದದ್ದು ಫುಟ್‌ಬಾಲ್.

ಈಗ ಅಲ್ಲಿ ಏನೇನೋ ನಡೆಯುತ್ತದೆ. 2017ರಲ್ಲಿ ಊರಿನ ಹುಡುಗ ಕೆಲ್ ಬ್ರೂಕ್ ಬಾಕ್ಸಿಂಗ್ ಪಟ್ಟ ಕಳೆದುಕೊಂಡದ್ದು ಅಲ್ಲೇ. 2022ರ ಮಹಿಳಾ ಯುರೋ ಫುಟ್‌ಬಾಲ್ ಸೆಮಿಫೈನಲ್ಲಿನಲ್ಲಿ ಇಂಗ್ಲೆಂಡ್ ಸ್ವೀಡನ್ನನ್ನು 4–0 ಬಡಿದದ್ದೂ ಅಲ್ಲೇ. ಅಲೆಸಿಯಾ ರುಸ್ಸೋ ಹಿಮ್ಮಡಿಯಿಂದ ಹೊಡೆದ ಗೋಲು ನೆನಪಿರಬಹುದು. ನಮ್ಮ ಆಫೀಸಿನ ತರಬೇತಿಯೂ ಒಮ್ಮೆ ಅಲ್ಲಿಯ ಹಾಲಿನಲ್ಲಿ ಇತ್ತು. ಪಾಠ ತಲೆಗೆ ಹೋಗಲಿಲ್ಲ. ಕಿಟಕಿಯಾಚೆ ಒಬ್ಬಾತ ತೋಟದ ಫೋರ್ಕ್ ಹಿಡಿದು, ಬೂಟಿಗೆ ಕಿತ್ತ ಹುಲ್ಲನ್ನು ಒಂದೊಂದಾಗಿ ಒತ್ತಿ ಕೂರಿಸುತ್ತಿದ್ದ. ಅದನ್ನೇ ನೋಡುತ್ತ ಕೂತೆ.

ಕಾಕಾ ಕಡ್ಡಿ ಇಸಿದುಕೊಂಡು ನಾಲ್ಕನೆಯ ಗೆರೆ ತಾವೇ ಎಳೆದರು. ಅದರಾಚೆ ಉಳಿದ ಮಣ್ಣನ್ನು ತೋರಿಸಿ, "ಇಷ್ಟು ಜಾಗಾ ಉಳೀತಲ್ಲ, ಇಲ್ಲಿ ಏನೈತಿ ಈಗ?" ಅಂದರು.

"ಕಾರ್ ಪಾರ್ಕಿಂಗ್ ರೀ," ಅಂದೆ. "ನನಗ ಜಾಗಾ ಸಿಗಂಗಿಲ್ಲ."