ಕೀಬೋರ್ಡ್ ಪಕ್ಕದ ನೋಟ್‌ಬುಕ್

ನಮ್ಮ ಆಫೀಸಿನಲ್ಲಿ ಸ್ಟಾಕ್ ಲೆಕ್ಕ ರಿಜಿಸ್ಟರಿನಿಂದ ಸಾಫ್ಟ್‌ವೇರಿಗೆ ಹೋದಾಗ ಹಿರಿಯ ಸಹೋದ್ಯೋಗಿಯೊಬ್ಬರು ಕೀಬೋರ್ಡ್ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದರು. ಪ್ರತಿ ಎಂಟ್ರಿಯನ್ನೂ ಎರಡು ಸಲ ಮಾಡುತ್ತಿದ್ದರು, ಮೊದಲು ನೋಟ್‌ಬುಕ್ಕಿನಲ್ಲಿ, ಆಮೇಲೆ ಸ್ಕ್ರೀನಿನಲ್ಲಿ. ಆಗಿನ ಮ್ಯಾನೇಜರ್ ಇದನ್ನು ನೋಡಿ, ಮೀಟಿಂಗಿನಲ್ಲಿ ಎಲ್ಲರೆದುರು "ಕೆಲವರಿಗೆ ಹಳೇದು ಬಿಡೋಕೆ ಮನಸ್ಸಿಲ್ಲ" ಅಂದರು. ಇವರು ತಲೆ ತಗ್ಗಿಸಿ ಕೂತಿದ್ದರು. ಮರುದಿನದಿಂದ ನೋಟ್‌ಬುಕ್ ಡ್ರಾಯರ್ ಸೇರಿತು. ಬರೆಯುವುದು ಮಾತ್ರ ನಿಲ್ಲಲಿಲ್ಲ.

ಆ ಮ್ಯಾನೇಜರ್ ಕೆಟ್ಟವರಲ್ಲ. ಅವರ ಕಣ್ಣಿಗೆ ಬದಲಾವಣೆ ಅಂದರೆ ಮೇಲಿನಿಂದ ಬಂದ ಆದೇಶ, ಜೊತೆಗೊಂದು ಡೆಡ್‌ಲೈನ್. ಹಾಗೆ ನೋಡಿದರೆ ನಿಧಾನ ಮಾಡುವವರೆಲ್ಲ ಅಡ್ಡಗಾಲು ಹಾಕುವವರ ಹಾಗೇ ಕಾಣುತ್ತಾರೆ, ಅಲ್ವಾ? ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1947ರಲ್ಲೇ ಬೇರೆ ದಾರಿ ಹೇಳಿದ್ದರು: ಗಟ್ಟಿಯಾಗಿರುವ ರೂಢಿಯನ್ನು ಮೊದಲು ಕರಗಿಸಿ, ಆಮೇಲೆ ಬದಲಿಸಿ, ಕೊನೆಗೆ ಹೊಸದು ಗಟ್ಟಿಯಾಗಲು ಬಿಡಿ. ನಾನು ಕಂಡ ಮ್ಯಾನೇಜರ್‌ಗಳಲ್ಲಿ ಜಾಸ್ತಿ ಜನ ನಡುವಿನ ಹೆಜ್ಜೆಯಿಂದ ಶುರು ಮಾಡಿ ಅಲ್ಲಿಗೇ ಮುಗಿಸಿಬಿಡುತ್ತಾರೆ.

ಈ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ಅಮೆರಿಕದ ವರ್ಜೀನಿಯಾದಲ್ಲಿದ್ದ ಹಾರ್ವುಡ್ ಅನ್ನುವ ಪೈಜಾಮ ಕಾರ್ಖಾನೆ. ಅಲ್ಲಿ ಕೆಲಸದ ರೀತಿ ಬದಲಾದಾಗಲೆಲ್ಲ ಉತ್ಪಾದನೆ ಕುಸಿಯುತ್ತಿತ್ತು, ಜನ ಕೆಲಸ ಬಿಡುತ್ತಿದ್ದರು. ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಇದನ್ನು ಪರೀಕ್ಷೆ ಮಾಡಿ 1948ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಬದಲಾವಣೆ ಹೀಗಿದೆ, ಇಂದಿನಿಂದ ಹೀಗೆ ಮಾಡಿ ಅಂತ ಹೇಳಿದರು, ಅಷ್ಟೇ. ಆ ಗುಂಪಿನಲ್ಲಿ ಮೊದಲ 40 ದಿನದಲ್ಲೇ 17% ಜನ ಕೆಲಸ ಬಿಟ್ಟರು. ಎಲ್ಲರನ್ನೂ ಕೂರಿಸಿಕೊಂಡು ಹೊಸ ರೀತಿಯನ್ನು ಅವರ ಜೊತೆಯಲ್ಲೇ ರೂಪಿಸಿದ ಗುಂಪುಗಳು ಬೇಗ ಚೇತರಿಸಿಕೊಂಡು ಮೊದಲಿಗಿಂತ ಹೆಚ್ಚು ಕೆಲಸ ಮಾಡಿದವು, ಅಲ್ಲಿ ಒಬ್ಬರೂ ಬಿಟ್ಟು ಹೋಗಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಸಂಗತಿ. ಸೋತ ಮೊದಲ ಗುಂಪಿನಲ್ಲಿ ಉಳಿದಿದ್ದವರನ್ನೇ ಎರಡೂವರೆ ತಿಂಗಳ ನಂತರ ಮತ್ತೆ ಹೊಸ ಕೆಲಸಕ್ಕೆ ಹಾಕಿದರು, ಈ ಸಲ ಅವರ ಜೊತೆ ಕೂತು ಮಾತಾಡಿ. ಅದೇ ಜನ ಚೆನ್ನಾಗಿ ಚೇತರಿಸಿಕೊಂಡರು.

ಎಲ್ಲಕ್ಕೂ ಕೂತು ಮಾತಾಡುತ್ತಾ ಇರಲು ಆಗುವುದಿಲ್ಲ, ಒಪ್ಪುತ್ತೇನೆ. ಜೀವಕ್ಕೆ ಅಪಾಯ ಇರುವ ಯಂತ್ರವನ್ನು ಇವತ್ತೇ ನಿಲ್ಲಿಸಬೇಕು. ಸಂಬಳಕ್ಕೇ ದುಡ್ಡಿಲ್ಲದ ಕಂಪನಿ ಆರು ತಿಂಗಳು ಚರ್ಚೆ ಮಾಡಲಾರದು. ಅಂಥ ಕಡೆ ಆದೇಶವೇ ಸರಿ, ಆದರೆ ಕಾರಣ ಹೇಳದೆ ಸುಮ್ನೆ ಆದೇಶ ಕೊಡುವುದನ್ನು ನಾನು ಯಾವತ್ತೂ ಒಪ್ಪಲಾರೆ.

ಕೆಲವು ತಿಂಗಳಾದ ಮೇಲೆ ನಮಗೆ ಹೊಸ ಮ್ಯಾನೇಜರ್ ಬಂದರು. ಒಂದು ದಿನ ಅವರು ಕುರ್ಚಿ ಎಳೆದುಕೊಂಡು ಬಂದು ಆ ಹಿರಿಯರ ಪಕ್ಕ ಕೂತರು. "ಸರ್, ಆ ಬುಕ್ಕಲ್ಲಿ ಏನು ಬರೀತೀರಿ, ನನಗೂ ಸ್ವಲ್ಪ ತೋರಿಸ್ತೀರಾ?" ಇವರು ಹಿಂಜರಿಯುತ್ತಲೇ ಡ್ರಾಯರ್ ಎಳೆದರು. ಸರಕು ಎಷ್ಟೋ ಸಲ ಎರಡು ಮೂರು ಕಂತಿನಲ್ಲಿ ಬರುತ್ತಿತ್ತು, ಸ್ಕ್ರೀನಿನಲ್ಲಿ ಮಾತ್ರ 'ಬಂದಿದೆ', 'ಬಂದಿಲ್ಲ' ಎರಡೇ ಆಯ್ಕೆ. ಇನ್ನೂ ಎಷ್ಟು ಬರಬೇಕು ಅನ್ನುವ ಲೆಕ್ಕ ಇಡೀ ಆಫೀಸಿನಲ್ಲಿ ಇದ್ದದ್ದು ಆ ನೋಟ್‌ಬುಕ್ಕಿನಲ್ಲೊಂದೇ. ಮ್ಯಾನೇಜರ್ ಒಂದೊಂದೇ ಪುಟ ತಿರುಗಿಸಿ, ಫೋನಿನಲ್ಲಿ ಫೋಟೋ ತೆಗೆದುಕೊಂಡರು.

ಮುಂದಿನ ತಿಂಗಳು ಸ್ಕ್ರೀನಿಗೆ ಹೊಸ ಕಾಲಂ ಬಂತು. ಅದಕ್ಕೆ 'ಬಾಕಿ' ಅಂತ ಹೆಸರಿಟ್ಟವರು ಆ ಹಿರಿಯರೇ.